ರಾಜನಿಗೂ ಕೊಡದ ಪುಸ್ತಕ

ಜುಲೈ ಮಳೆ. ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಮೂರನೇ ದಿನ. ತೋಟದಲ್ಲಿ ಮರ ಮುರಿದು ಲೈನ್ ಮೇಲೆ ಬಿದ್ದಿತ್ತು. ಫೋನ್ ಚಾರ್ಜ್ ಖಾಲಿ. ಬೆಂಗಳೂರಿಂದ ತಂದಿದ್ದ ಒಂದೇ ಒಂದು ದಪ್ಪ ಪುಸ್ತಕ ಹಿಡಿದು, ಕ್ಯಾಂಡಲ್ ಹಚ್ಚಿ, ಒಲೆ ಪಕ್ಕ ಕೂತೆ.

ಡೆಬೊರಾ ಹಾರ್ಕ್‌ನೆಸ್ 2011ರಲ್ಲಿ ಬರೆದ 'ಎ ಡಿಸ್ಕವರಿ ಆಫ್ ವಿಚಸ್'. ಹಳೇ ಕಲ್ಲಿನ ಕಾಲೇಜು, ಲೈಬ್ರರಿ, ಗುಟ್ಟು, ಸಾವು, ಪ್ರೇಮ ಇರುವ ಕಥೆಗಳಿಗೆ ಈಗ ಡಾರ್ಕ್ ಅಕಾಡೆಮಿಯಾ ಅಂತಾರಲ್ಲ, ಆ ಜಾತಿಯದು. ಡೊನಾ ಟಾರ್ಟ್ 1992ರಲ್ಲಿ ಬರೆದ 'ದಿ ಸೀಕ್ರೆಟ್ ಹಿಸ್ಟರಿ'ಯೇ ಇದಕ್ಕೆಲ್ಲ ತಾಯಿಬೇರು ಅಂತಾರೆ. ಅದರಲ್ಲಿ ಮಾಟಗಾತಿ ಇಲ್ಲ, ಗ್ರೀಕ್ ಓದುವ ಹುಡುಗರೇ ಸಾಕು.

"ಏನೇ ಅದು, ಕಣ್ಣು ಕಳ್ಕೊಂತೀಯಾ" ಅಂದಳು ಅಜ್ಜಿ. ಕೆಂಡದಲ್ಲಿ ಹಲಸಿನ ಬೀಜ ಹೊರಳಿಸುತ್ತಿದ್ದಳು.

ಕಥೆ ಹೇಳಿದೆ. ಡಯಾನಾ ಇತಿಹಾಸದ ಪ್ರೊಫೆಸರ್. ಹುಟ್ಟಿನಿಂದ ಮಾಟಗಾತಿ, ಆದರೆ ಆ ವಿದ್ಯೆ ಬೇಡ ಅಂತ ದೂರ ಇಟ್ಟವಳು. ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿಯಲ್ಲಿ ಒಂದು ಹಳೇ ಹಸ್ತಪ್ರತಿ ತರಿಸುತ್ತಾಳೆ, ಆಶ್ಮೋಲ್ 782. ಅದನ್ನು ಬಿಡಿಸಿದ್ದೇ ತಡ, ರಕ್ತ ಕುಡಿಯುವವರು, ಮಾಟದವರು ಎಲ್ಲ ಅವಳ ಹಿಂದೆ. ಅವಳಿಗೆ ಪ್ರೀತಿ ಹುಟ್ಟೋದೂ ಒಬ್ಬ ರಕ್ತಪಿಶಾಚಿ ಮೇಲೇ.

"ಮಾಟ ಮಾಡೋಳಿಗೆ ಲೈಬ್ರರಿ ಯಾಕೆ?"

ಒಳ್ಳೇ ಪ್ರಶ್ನೆ. ಉತ್ತರ ಗೊತ್ತಿಲ್ಲದೆ ಆ ಲೈಬ್ರರಿಯ ವಿಷಯವನ್ನೇ ಹೇಳಿದೆ. ಅಲ್ಲಿಂದ ಪುಸ್ತಕ ಮನೆಗೆ ಕೊಡಲ್ಲ. 1645ರಲ್ಲಿ ಒಂದನೇ ಚಾರ್ಲ್ಸ್ ರಾಜ ಕೇಳಿ ಕಳಿಸಿದಾಗಲೂ ಲೈಬ್ರರಿಯನ್ ಆಗಲ್ಲ ಅಂದಿದ್ದ.

"ರಾಜನಿಗೂ?" ಅಜ್ಜಿಗೆ ಮಾಟಕ್ಕಿಂತ ಇದೇ ಜಾಸ್ತಿ ಹಿಡಿಸಿತು. ಒಳಗೆ ಬೆಂಕಿ ತರಲ್ಲ, ಹಚ್ಚಲ್ಲ ಅಂತ ಓದುವವರು ಪ್ರಮಾಣ ಮಾಡಬೇಕು ಅಂದಾಗ, ಪುಸ್ತಕಕ್ಕೆ ತಾಗುವ ಹಾಗಿದ್ದ ನನ್ನ ಕ್ಯಾಂಡಲ್ ನೋಡಿ ನಕ್ಕಳು.

ನಾನು ಓದಿದ ಕಾಲೇಜಿನಲ್ಲೂ ಪುಸ್ತಕ ಕೊಡ್ತಿರಲಿಲ್ಲ. ಕಾರಣ ಬೇರೆ, ಬೀರುವಿನ ಕೀ ಇದ್ದವರು ಯಾವಾಗಲೂ ರಜೆ. ಗಾಜಿನಾಚೆ ಕಾಣುವ ಹೆಸರುಗಳನ್ನು ಓದಿಕೊಂಡು ವಾಪಸ್ ಬರ್ತಿದ್ದೆ. ಪರೀಕ್ಷೆಗೆ ಗೈಡ್ ಇತ್ತಲ್ಲ. ಈ ಕಾದಂಬರಿಗಳಲ್ಲಿ ನನ್ನನ್ನು ಎಳೆಯೋದು ದೆವ್ವ ಅಲ್ಲ, ಪ್ರೇಮವೂ ಅಷ್ಟಕ್ಕಷ್ಟೇ. ಅಲ್ಲಿ ಪುಸ್ತಕ ತೆಗೆದರೆ ಪ್ರಾಣಕ್ಕೆ ಕುತ್ತು. ನಮ್ಮಲ್ಲಿ ತೆಗೆದರೆ ಗೆದ್ದಲು.

"ನಮ್ಮ ಕಡೇನೂ ಒಬ್ಬಳಿದ್ಲು" ಅಂದಳು ಅಜ್ಜಿ ಇದ್ದಕ್ಕಿದ್ದ ಹಾಗೆ. "ಗಂಡ ಸತ್ತೋಳು. ಯಾರ ಹಸು ಸತ್ರೂ ಅವಳೇ ಮಾಟ ಮಾಡಿದ್ದು ಅಂತಿದ್ರು. ಅವಳ ಮನೇಲಿ ಯಾರೂ ಕಾಫಿ ಕುಡೀತಿರ್ಲಿಲ್ಲ."

"ಅವಳಿಗೆ ಓದೋಕೆ ಬರ್ತಿತ್ತಾ?" ಸುಮ್ನೆ ಕೇಳಿದೆ.

"ಕೇರಿ ಹೆಂಗಸರಲ್ಲಿ ಅವಳಿಗೊಬ್ಬಳಿಗೇ ಬರ್ತಿದ್ದಿದ್ದು. ತವರಿಂದ ನಂಗೆ ಬಂದ ಕಾಗದ ಎಲ್ಲ ಅವಳೇ ಓದಿ ಹೇಳೋಳು."

"ನೀನು ಕುಡೀತಿದ್ಯಾ ಅಜ್ಜಿ, ಅವಳ ಮನೇಲಿ ಕಾಫಿ?"

ಅಜ್ಜಿ ಒಂದು ಬೀಜ ಎತ್ತಿ, ಬೂದಿ ಊದಿ, ಸಿಪ್ಪೆ ಸುಲಿದಳು. ಬಿಸಿಬಿಸಿಯಾಗಿ ನನ್ನ ಕೈಗಿಟ್ಟಳು.

"ಓದು ಮುಂದೆ" ಅಂದಳು. "ಆ ರಕ್ತ ಕುಡಿಯೋನು ಒಳ್ಳೆಯವನಾ?"