ಸೋಮವಾರ ಸಂಜೆ ಮುಗಿಯುವ ಭಾನುವಾರ

ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್ ಬರೆಯುವ) ಎಂಜಿನಿಯರ್. ಕೆಲಸಕ್ಕೆ ಸೇರಿ ಎಂಟು ವರ್ಷ ಆದಮೇಲೆ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್.ಗೆ ಸೇರಿದೆ. ಕಂಪ್ಯೂಟರ್ ಸೈನ್ಸ್‌ನ ಈ ಪದವಿ 2014ರಲ್ಲಿ ಶುರುವಾಗಿದ್ದು. ಒಟ್ಟು 10 ಸಬ್ಜೆಕ್ಟ್, 30 ಕ್ರೆಡಿಟ್. ಪಾಠ ರೆಕಾರ್ಡ್ ಮಾಡಿಟ್ಟ ವಿಡಿಯೊದಲ್ಲಿ, ಪರೀಕ್ಷೆ ಮನೆಯಲ್ಲೇ ಕ್ಯಾಮೆರಾ ಮುಂದೆ. ಕೆಲಸ ಬಿಡದೆ ಓದಬಹುದು ಅನ್ನೋದೇ ನನಗೆ ದೊಡ್ಡ ಆಸೆ ಹುಟ್ಟಿಸಿತು.

ಆಫೀಸಿನಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಓದು ಮುಗಿದ ಮೇಲೆ ಬಿಟ್ಟು ಹೋಗ್ತಾನೆ ಅಂದುಕೊಂಡಾರು ಎಂಬ ಭಯ. ಅದೇ ನಾನು ಮಾಡಿದ ತಪ್ಪು.

ಮೊದಲು ತಗೊಂಡಿದ್ದು ಆಪರೇಟಿಂಗ್ ಸಿಸ್ಟಮ್ಸ್. ಮೊದಲ ಪ್ರಾಜೆಕ್ಟಿನಲ್ಲೇ ಸಿ ಭಾಷೆಯಲ್ಲಿ ಮಲ್ಟಿಥ್ರೆಡ್ ಫೈಲ್ ಸರ್ವರ್ ಬರೆಯಬೇಕು, ಅಂದರೆ ಹಲವು ಥ್ರೆಡ್‌ಗಳನ್ನು (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಕೆಲಸಗಳು) ಬಳಸಿ ಫೈಲ್ ಕಳಿಸುವ ಪ್ರೋಗ್ರಾಂ. ಡೆಡ್‌ಲೈನ್ ಭಾನುವಾರ ರಾತ್ರಿ 11:59, ಆದರೆ 'ಎನಿವೇರ್ ಆನ್ ಅರ್ತ್' ಲೆಕ್ಕದಲ್ಲಿ. ಭೂಮಿಯ ಯಾವುದೋ ಮೂಲೆಯಲ್ಲಿ ಇನ್ನೂ ಭಾನುವಾರ ಇದ್ದರೆ ಸಾಕು, ಗಡುವು ಮುಗಿದಿಲ್ಲ ಅಂತ ಅರ್ಥ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ಸಂಜೆ 5:29. ಹೆಚ್ಚುವರಿ ಒಂದು ದಿನ ಸಿಕ್ಕಿತಲ್ಲ ಅಂತ ಖುಷಿಪಟ್ಟಿದ್ದೆ. 'ನಿಮ್ಮ ಭಾನುವಾರ ಯಾವಾಗ ಮುಗಿಯುತ್ತೆ ರೀ?' ಅಂತ ಹೆಂಡತಿ ಕೇಳುತ್ತಿದ್ದಳು. ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗೋದು ಅಷ್ಟರಲ್ಲಾಗಲೇ ಅವಳ ಪಾಲಿಗೆ ಬಿದ್ದಿತ್ತು.

ಆ ಸೋಮವಾರ ಐದು ಗಂಟೆಗೆ ನಮ್ಮ ಟೀಮಿನ ರಿಲೀಸ್ ಇತ್ತು. ಡಿಪ್ಲಾಯ್ ಆದಮೇಲೆ, ಅಂದರೆ ಹೊಸ ಕೋಡ್ ಸರ್ವರಿಗೆ ಹೋದಮೇಲೆ, ಅರ್ಧ ಗಂಟೆ ಸರ್ವರ್ ಸರಿ ಇದೆಯಾ ಅಂತ ಗ್ರಾಫ್ ನೋಡುತ್ತಾ ಕೂರುವುದು ನನ್ನ ಕೆಲಸ. ಇನ್ನೊಂದು ಪರದೆಯಲ್ಲಿ ನನ್ನ ಪ್ರಾಜೆಕ್ಟಿನ ಒಂದು ಟೆಸ್ಟ್ ಫೇಲ್ ಆಗುತ್ತಲೇ ಇತ್ತು. ಸಬ್‌ಮಿಟ್ ಒತ್ತಿದಾಗ 5:26. ತಿರುಗಿ ನೋಡಿದರೆ ಗ್ರಾಫಿನಲ್ಲಿ ಮೆಮೊರಿ ಬಳಕೆಯ ಗೆರೆ ಸುಮಾರು ಹೊತ್ತಿನಿಂದ ಮೇಲಕ್ಕೇ ಏರುತ್ತಿದೆ. ಹೊಸದಾಗಿ ಸೇರಿದ್ದ ಹುಡುಗಿ ನನಗಿಂತ ಮೊದಲೇ ನೋಡಿ, ರೋಲ್‌ಬ್ಯಾಕ್ ಮಾಡಲೇ (ಹಳೆಯ ಕೋಡಿಗೆ ವಾಪಸ್ ಹೋಗಲೇ) ಅಂತ ಮೂರು ಸಲ ಮೆಸೇಜ್ ಹಾಕಿದ್ದಳು. ನಾನು ಒಂದನ್ನೂ ಓದಿರಲಿಲ್ಲ. ಆ ಮೂರು ಮೆಸೇಜ್ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮರುದಿನ ನಮ್ಮ ಟೀಮ್ ಲೀಡ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೊದಲೇ ಹೇಳಿದ್ರೆ ರಿಲೀಸನ್ನ ಮಂಗಳವಾರಕ್ಕೆ ಇಟ್ಕೋತಿದ್ವಲ್ಲಪ್ಪಾ' ಅಂದರು. ಅಷ್ಟೇ. ನಾನು ಎರಡು ತಿಂಗಳು ಹೆದರಿದ್ದ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯಿತು. ಎಲ್ಲ ಕಡೆ ಇಂಥ ಲೀಡ್ ಸಿಗಲಿಕ್ಕಿಲ್ಲ, ಒಪ್ಪುತ್ತೇನೆ. ಆದರೂ ಬಚ್ಚಿಟ್ಟು ಓದುವ ಭಾರ ಓದಿಗಿಂತ ಜಾಸ್ತಿ.

ಆಮೇಲೆ ನನ್ನ ಡೆಡ್‌ಲೈನನ್ನು ಶನಿವಾರ ರಾತ್ರಿಗೆ ತಂದುಕೊಂಡೆ. ಸೆಮಿಸ್ಟರಿಗೆ ಒಂದೇ ಸಬ್ಜೆಕ್ಟ್. ಮೊದಲ ವರ್ಷದೊಳಗೆ ಎರಡು ಫೌಂಡೇಶನ್ (ಬುನಾದಿ) ಸಬ್ಜೆಕ್ಟಿನಲ್ಲಿ ಕನಿಷ್ಠ ಬಿ ಗ್ರೇಡ್ ಬರಲೇಬೇಕು ಅನ್ನೋ ನಿಯಮ ಇದೆ, ಅದಕ್ಕೂ ಈ ವೇಗ ಸಾಕಾಯಿತು. ಬೆಳಗ್ಗೆ ಐದರಿಂದ ಏಳು ಓದು. ರಾತ್ರಿ ಓದಿದ್ದು ನನಗೆ ತಲೆಗೆ ಹತ್ತುವುದಿಲ್ಲ.

ಓದಿದ್ದು ಕೆಲಸಕ್ಕೂ ಬಂತು. ಥ್ರೆಡ್ ಒಂದು ಕಂಡೀಶನ್‌ಗಾಗಿ ಕಾದು ಎದ್ದಮೇಲೆ ಆ ಕಂಡೀಶನ್ ನಿಜವಾಗಿದೆಯಾ ಅಂತ ಮತ್ತೆ ನೋಡಲೇಬೇಕು. ಆದ್ದರಿಂದ ಅಲ್ಲಿ ಒಂದೇ ಸಲ ನೋಡುವ 'ಇಫ್' ಸಾಲದು, ಮತ್ತೆ ಮತ್ತೆ ನೋಡುವ 'ವೈಲ್' ಬೇಕು. ಪ್ರಾಜೆಕ್ಟಿನಲ್ಲಿ ಅವತ್ತು ಫೇಲ್ ಆಗುತ್ತಿದ್ದ ಟೆಸ್ಟಿನ ಕಾರಣವೂ ಅದೇ. ಕೆಲವು ತಿಂಗಳಾದ ಮೇಲೆ ನಮ್ಮ ಆಫೀಸಿನ ಕನೆಕ್ಷನ್ ಪೂಲ್ (ತೆರೆದಿಟ್ಟ ಸಂಪರ್ಕಗಳನ್ನು ಮತ್ತೆ ಮತ್ತೆ ಬಳಸುವ ಭಾಗ) ಕೋಡಿನಲ್ಲಿ ಅಂಥದ್ದೇ ಒಂದು 'ಇಫ್' ಕಣ್ಣಿಗೆ ಬಿತ್ತು. ಆ ಬದಲಾವಣೆಯ ರಿವ್ಯೂ ಮಾಡಿಕೊಡು ಅಂತ ಅದೇ ಹುಡುಗಿಯನ್ನು ಕೇಳಿದೆ. ಇಬ್ಬರೂ ಕೂತು ಕಾಗದದ ಮೇಲೆ ಎರಡು ಥ್ರೆಡ್ ಬರೆದು, ಯಾವುದು ಯಾವಾಗ ಏಳುತ್ತೆ ಅಂತ ಒಂದೊಂದೇ ಹೆಜ್ಜೆ ನೋಡಿದೆವು.

ಈಗ ಏಳನೇ ಸಬ್ಜೆಕ್ಟ್. ಅಲ್ಗಾರಿದಮ್ಸ್ ಇನ್ನೂ ಬಾಕಿ ಇದೆ. ಆ ಸೆಮಿಸ್ಟರಿನ ಪರೀಕ್ಷೆ ವಾರಗಳಿಗೆ ಆನ್‌ಕಾಲ್ (ತೊಂದರೆ ಬಂದರೆ ಕೂಡಲೇ ನೋಡಬೇಕಾದ ಸರದಿ) ಬದಲಿಸಿಕೊಳ್ಳಲು ಈಗಲೇ ಕೇಳಿಟ್ಟಿದ್ದೇನೆ. ಭಾನುವಾರ ಸಂಜೆ ಮಗಳ ಜೊತೆ ಪಾರ್ಕಿಗೆ ಹೋಗುವವನು ನಾನೇ.