ಫೋನು ಗೋಲ್ ಗೆರೆಗೆ ಸಾಕು, ಆಫ್‌ಸೈಡ್‌ಗೆ ಬೇಡ

ದಾವಣಗೆರೆ ಹೈಸ್ಕೂಲ್ ಮೈದಾನದಂಥ ಕಡೆ ಫುಟ್‌ಬಾಲ್ ಟೂರ್ನಿ ನಡೆಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಎರಡು ಫೋನು, ಎರಡು ಟ್ರೈಪಾಡ್ ಇದ್ದರೆ ಚೆಂಡು ಗೋಲ್ ಗೆರೆ ದಾಟಿತೇ ಎಂದು ನೋಡಬಹುದು. ಆಫ್‌ಸೈಡ್ (ಪಾಸ್ ಹೊಡೆದ ಕ್ಷಣದಲ್ಲಿ ಫಾರ್ವರ್ಡ್ ಎದುರಾಳಿಗಳ ಕೊನೆಯಿಂದ ಎರಡನೇ ಆಟಗಾರನಿಗಿಂತ ಗೋಲ್‌ಗೆ ಹತ್ತಿರವಿದ್ದನೇ ಎಂಬುದು) ಮಾತ್ರ ದಯವಿಟ್ಟು ನೋಡಬೇಡಿ.

2022ರ ಕತಾರ್ ವಿಶ್ವಕಪ್‌ನಲ್ಲಿ ಆಫ್‌ಸೈಡ್‌ಗೆಂದೇ ಸ್ಟೇಡಿಯಂ ಚಾವಣಿಯಡಿ 12 ಕ್ಯಾಮೆರಾಗಳಿದ್ದವು. ಒಬ್ಬೊಬ್ಬ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಅಳೆಯುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ನಮ್ಮ ಫೋನು ನಿಂತಿರುವುದು ಒಂದೇ ಕಡೆ. ಅಲ್ಲಿಂದ ಓರೆಯಾಗಿ ನೋಡಿದರೆ ಹತ್ತಿರದ ಡಿಫೆಂಡರ್, ದೂರದ ಫಾರ್ವರ್ಡ್ ಇಬ್ಬರಲ್ಲಿ ಯಾರು ಮುಂದಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಆ ಕೆಲಸ ಲೈನ್ಸ್‌ಮನ್‌ಗೇ ಇರಲಿ.

ಗೋಲ್ ಗೆರೆಯ ಲೆಕ್ಕ ಬೇರೆ. ನಿಯಮದ ಪ್ರಕಾರ ಚೆಂಡು ಪೂರ್ತಿಯಾಗಿ ಗೆರೆ ದಾಟಬೇಕು. ಚೆಂಡಿನ ಅಡ್ಡಳತೆ ಸುಮಾರು 22 ಸೆಂ.ಮೀ. ಫೋನು ಗೋಲ್ ಗೆರೆಯ ನೇರಕ್ಕೇ ಇರಬೇಕು. ಹತ್ತಿರದ ಕಂಬದಿಂದ 30 ಮೀಟರ್ ದೂರದಲ್ಲಿಟ್ಟ ಫೋನು ಮೈದಾನದ ಕಡೆಗೆ ಒಂದೇ ಒಂದು ಮೀಟರ್ ಸರಿದಿದೆ ಎನ್ನಿ. ಕಂಬಗಳ ನಡುವೆ 7.32 ಮೀಟರ್ ಅಂತರ. ಆಚೆ ಕಂಬದ ಬಳಿ ಆಗುವ ತಪ್ಪು 24 ಸೆಂ.ಮೀ., ಒಂದು ಚೆಂಡಿಗಿಂತ ಹೆಚ್ಚು! ಪೂರ್ತಿ ಒಳಹೋದ ಚೆಂಡೂ ಗೆರೆ ಮೇಲೇ ಇದ್ದಂತೆ ಕಾಣುತ್ತದೆ. ಅದಕ್ಕೇ ಎರಡೂ ಕಂಬಗಳಿಗೆ ತಾಗುವಂತೆ ಸುತಳಿ ಎಳೆದು, ಅದೇ ನೇರಕ್ಕೆ ಬೌಂಡರಿವರೆಗೂ ತಂದು, ಸುತಳಿ ಮೇಲೆ ಟ್ರೈಪಾಡ್ ನಿಲ್ಲಿಸಿ. ಪರದೆಯಲ್ಲಿ ಆಚೆ ಕಂಬ ಈಚೆ ಕಂಬದ ಹಿಂದೆ ಪೂರ್ತಿ ಮರೆಯಾಗಬೇಕು. ಅಲ್ಲಿಗೆ ನೇರ ಸಿಕ್ಕಿತು. ಆಮೇಲೆ ಟ್ರೈಪಾಡನ್ನು ಯಾರೂ ಮುಟ್ಟಬಾರದು.

ವಿಡಿಯೊ ಸೆಕೆಂಡಿಗೆ 60 ಫ್ರೇಮ್‌ಗಿಂತ 120 ಫ್ರೇಮ್ ಇದ್ದರೆ ಒಳ್ಳೆಯದು. ಗಂಟೆಗೆ 90 ಕಿ.ಮೀ. ವೇಗದ ಚೆಂಡು 60ರಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 42 ಸೆಂ.ಮೀ. ಜಿಗಿಯುತ್ತದೆ, 120ರಲ್ಲಿ 21. ಆದರೆ ರಾತ್ರಿ ಪಂದ್ಯದಲ್ಲಿ ಫ್ಲಡ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗಬಹುದು, ಆಗ ವಿಡಿಯೊದಲ್ಲಿ ಪಟ್ಟೆ ಏಳುತ್ತವೆ. 60 ಫ್ರೇಮ್‌ಗೆ ಇಳಿಸಿ ಶಟರ್ 1/100 ಸೆಕೆಂಡಿಗೆ ಕಟ್ಟಿದರೆ ಪಟ್ಟೆ ಹೋಗುತ್ತದೆ (120ರಲ್ಲಿ ಶಟರ್ ಅಷ್ಟು ಹೊತ್ತು ತೆರೆದಿರಲಾರದು), ಆದರೆ ಅದೇ ಚೆಂಡು 25 ಸೆಂ.ಮೀ. ಉದ್ದಕ್ಕೆ ಮಸುಕಾಗುತ್ತದೆ. ಅಷ್ಟು ಮಸುಕಿನಲ್ಲಿ ಕೂದಲೆಳೆಯ ತೀರ್ಪು ಕೇಳಬೇಡಿ, ರೆಫ್ರಿ ಮೊದಲು ಹೇಳಿದ್ದೇ ನಿಲ್ಲಲಿ.

ಮೊದಲು ಹೇಳಿದ್ದು ಅಂದೆನಲ್ಲ, ರೆಫ್ರಿ ಮೊದಲು ಏನು ಹೇಳಿದ್ದರು ಎಂಬಲ್ಲೇ ತಪ್ಪು ಆಗಬಹುದು. 2023ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಯಾಸ್ ಹೊಡೆದ ಗೋಲನ್ನು ಮೈದಾನದಲ್ಲಿ ಆಫ್‌ಸೈಡ್ ಎಂದಿದ್ದರು. ಅದು ಆಫ್‌ಸೈಡ್ ಅಲ್ಲವೆಂದು ವಿಡಿಯೊ ಕೊಠಡಿಗೆ ಸರಿಯಾಗೇ ಕಂಡಿತ್ತು. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆಂದು ತಿಳಿದು ‘ಪರಿಶೀಲನೆ ಮುಗಿಯಿತು’ ಅಂದುಬಿಟ್ಟರು. ತಪ್ಪು ಗೊತ್ತಾಗುವ ಹೊತ್ತಿಗೆ ಆಟ ಮತ್ತೆ ಶುರುವಾಗಿತ್ತು, ಹಿಂದಕ್ಕೆ ಹೋಗುವಂತಿರಲಿಲ್ಲ. ಚಿತ್ರ ಸರಿಯಿತ್ತು, ಮಾತು ಕೆಟ್ಟಿತು. ರಗ್ಬಿಯಲ್ಲಿ ರೆಫ್ರಿ ‘ನನ್ನ ತೀರ್ಪು ಟ್ರೈ’ (ಅಲ್ಲಿ ಅಂಕ ತರುವ ಗೋಲ್‌ನಂಥದ್ದು) ಎಂದೋ ‘ಟ್ರೈ ಅಲ್ಲ’ ಎಂದೋ ಹೇಳಿಯೇ ವಿಡಿಯೊ ರೆಫ್ರಿಯನ್ನು ಕೇಳುತ್ತಾನೆ, ಟಿವಿ ನೋಡುವವರಿಗೂ ಅದು ಕೇಳುತ್ತದೆ. ಈ ಪದ್ಧತಿಗೆ ಖರ್ಚಿಲ್ಲ. ನಮ್ಮ ಟೂರ್ನಿಯಲ್ಲೂ ರೆಫ್ರಿ ಇಬ್ಬರು ಕ್ಯಾಪ್ಟನ್‌ಗಳ ಎದುರು ‘ಗೋಲ್ ಅಲ್ಲ, ಈಗ ನೋಡುತ್ತೇನೆ’ ಎಂದು ಗಟ್ಟಿಯಾಗಿ ಹೇಳಿ ಫೋನಿನ ಹತ್ತಿರ ಹೋಗಲಿ.

ಎಷ್ಟು ಸಲ ಕೇಳಬಹುದು? ವಿಎಆರ್ (ವಿಡಿಯೊ ಸಹಾಯಕ ರೆಫ್ರಿ) ತಂಡವಿಲ್ಲದ ಪಂದ್ಯಗಳಿಗೆಂದು ಫಿಫಾ ತಂದ ಫುಟ್‌ಬಾಲ್ ವಿಡಿಯೊ ಸಪೋರ್ಟ್‌ನಲ್ಲಿ ಕೋಚ್‌ಗೆ ಎರಡು ಮನವಿ. ತೀರ್ಪು ಬದಲಾದರೆ ಮನವಿ ಉಳಿಯುತ್ತದೆ, ರೆಫ್ರಿಯೇ ಪರದೆ ನೋಡುತ್ತಾನೆ. ಊರ ಟೂರ್ನಿಗೆ ಒಂದು ಸಾಕು. ಇದನ್ನು ಮೊದಲೇ ನಿಯಮದ ಹಾಳೆಯಲ್ಲಿ ಬರೆದು ಮ್ಯಾನೇಜರ್‌ಗಳ ಸಹಿ ಹಾಕಿಸಿ. ಫುಟ್‌ಬಾಲ್ ಸಂಸ್ಥೆಯ ಅಧಿಕೃತ ಪಂದ್ಯಗಳಲ್ಲಿ ಅನುಮತಿಯಿಲ್ಲದೆ ವಿಡಿಯೊ ನೋಡಿ ತೀರ್ಪು ಬದಲಿಸುವಂತಿಲ್ಲ.

ಏಪ್ರಿಲ್ ಬಿಸಿಲಿಗೆ ಫೋನು ಕಾದು ಕ್ಯಾಮೆರಾ ತಾನೇ ಬಂದ್ ಆಗಬಹುದು, ಮೇಲೊಂದು ಕೊಡೆ ಕಟ್ಟಿ. ಪವರ್ ಬ್ಯಾಂಕನ್ನೂ ನೆರಳಿನಲ್ಲಿಡಿ. ಫುಲ್ ಎಚ್‌ಡಿ (1080p) ವಿಡಿಯೊಗೆ 60 ಫ್ರೇಮ್‌ನಲ್ಲಿ 45 ನಿಮಿಷಕ್ಕೆ ಸುಮಾರು 4ರಿಂದ 8 ಜಿಬಿ ಬೇಕಾಗುತ್ತದೆ, 120ಕ್ಕೆ ಇನ್ನೂ ಹೆಚ್ಚು. ಹಾಗಾಗಿ ಹಾಫ್‌ಟೈಮ್‌ನಲ್ಲಿ ಜಾಗ ನೋಡಿಕೊಳ್ಳಿ. ಏರೋಪ್ಲೇನ್ ಮೋಡ್ ಹಾಕುವುದನ್ನು ಮಾತ್ರ ಮರೆಯಬೇಡಿ: ಕೆಲವು ಫೋನುಗಳಲ್ಲಿ ಕರೆ ಬಂದ ತಕ್ಷಣ ರೆಕಾರ್ಡಿಂಗ್ ನಿಂತುಹೋಗುತ್ತದೆ.