ಕಕ್ಷಿದಾರರಿಗೆಲ್ಲ ಒಂದೊಂದು ಪತ್ರ: ಮೇಲ್ ಮರ್ಜ್ ಕೆಲಸ ಎಲ್ಲಿಯವರೆಗೆ ಬಂತು

ಕೆಲಸ ಇಷ್ಟು. ನಮ್ಮ ವಕೀಲರ ಆಫೀಸಿನ ವಿಳಾಸ, ಫೋನ್ ನಂಬರ್ ಎರಡೂ ಬದಲಾಗುತ್ತಿವೆ, ಅದನ್ನು ಎಲ್ಲ ಕಕ್ಷಿದಾರರಿಗೂ ತಿಳಿಸಬೇಕು. ಬರೀ ಸುತ್ತೋಲೆ ಆದರೆ ಸಾಲದು. ಅವರವರ ಹೆಸರು, ಅವರ ಯಾವ ಯಾವ ಕೇಸು ನಮ್ಮಲ್ಲಿವೆ, ಯಾವ ವಕೀಲರು ನೋಡಿಕೊಳ್ಳುತ್ತಿದ್ದಾರೆ, ಅವರ ಯಾವ ಮೂಲ ದಾಖಲೆ ನಮ್ಮ ಹತ್ತಿರ ಇವೆ ಅನ್ನುವುದೂ ಪತ್ರದಲ್ಲಿ ಇರಬೇಕು ಅಂತ ಸೀನಿಯರ್ ಹೇಳಿದ್ದಾರೆ. ಕೈಯಲ್ಲಿ ಮಾಡಲು ಆಗದಷ್ಟು ಜನ ಇದ್ದಾರೆ, ದುಬಾರಿ ಸಾಫ್ಟ್‌ವೇರ್ ಕೊಳ್ಳುವಷ್ಟು ಇಲ್ಲ. ಹಾಗಾಗಿ ಎಕ್ಸೆಲ್, ವರ್ಡ್, ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್. ಒಂದೇ ಅಚ್ಚಿನ ಪತ್ರಕ್ಕೆ ಪಟ್ಟಿಯಿಂದ ಒಬ್ಬೊಬ್ಬರ ವಿವರ ತುಂಬುವುದಕ್ಕೇ ಮೇಲ್ ಮರ್ಜ್ ಅನ್ನುವುದು.

ಇಮೇಲ್‌ನ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಎಲ್ಲರನ್ನೂ ಹಾಕಿ ಒಂದೇ ಸಲ ಕಳುಹಿಸಿ ಬಿಡೋಣ ಅನ್ನುವ ಮಾತು ಮೊದಲೇ ಬಂತು, ಮೊದಲೇ ಬಿಟ್ಟೆವು. ಅದರಲ್ಲಿ ಒಬ್ಬೊಬ್ಬರ ವಿವರ ಸೇರಿಸಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿಸಿಸಿ ಬದಲು ಸಿಸಿಯಲ್ಲಿ ಅಂಟಿಸಿದರೆ ಎಲ್ಲರ ವಿಳಾಸ ಎಲ್ಲರಿಗೂ ಕಂಡು ಕಥೆ ಮುಗಿಯಿತು. ಬೇರೆ ವ್ಯಾಪಾರದಲ್ಲಿ ಅದು ಮುಜುಗರ, ಅಷ್ಟೇ. ವಕೀಲರ ಆಫೀಸಿನಲ್ಲಿ ಹಾಗಲ್ಲ. ಒಬ್ಬರು ನಮ್ಮ ಕಕ್ಷಿದಾರರು ಅನ್ನುವುದೇ ಹಲವು ಸಲ ಗುಟ್ಟಿನ ವಿಷಯ, ಕೇಸಿನ ವಿವರ ಆಮೇಲಿನ ಮಾತು.

ಪಟ್ಟಿಯೇ ಅರ್ಧಕ್ಕಿಂತ ಜಾಸ್ತಿ ಕೆಲಸ

ವರ್ಡ್‌ನ ಮೇಲ್ ಮರ್ಜ್ ಕಲಿಯಲು ಒಂದು ಮಧ್ಯಾಹ್ನ ಸಾಕು. ಪಟ್ಟಿ ಸರಿ ಮಾಡುವುದು ಮಾತ್ರ ಮುಗಿಯುವ ಹಾಗೆ ಕಾಣುತ್ತಲೇ ಇರಲಿಲ್ಲ.

ಮೂಲ ಸಮಸ್ಯೆ: ಮೇಲ್ ಮರ್ಜ್‌ಗೆ ಒಂದು ಸಾಲು ಅಂದರೆ ಒಂದು ಪತ್ರ. ಆದರೆ ಆಫೀಸಿನ ರಿಜಿಸ್ಟರ್‌ನಲ್ಲಿ ಒಂದು ಸಾಲು ಅಂದರೆ ಒಂದು ಕೇಸು. ಮೂರು ಕೇಸು ಇರುವವರಿಗೆ ಹಾಗೇ ಬಿಟ್ಟರೆ ಮೂರು ಪತ್ರ ಹೋಗುತ್ತವೆ. ಇನ್ನೊಂದು ಕಡೆ, ಒಂದೇ ಕೇಸಿನಲ್ಲಿ ಅಣ್ಣತಮ್ಮಂದಿರು ನಾಲ್ಕು ಜನ ಸೇರಿ ನಮ್ಮ ಹತ್ತಿರ ಬಂದಿರುತ್ತಾರೆ, ಅಲ್ಲಿ ಒಂದು ಸಾಲಿಗೆ ನಾಲ್ಕು ಪತ್ರ ಬೇಕು. ಹಾಗಾಗಿ ಎರಡು ಹಾಳೆ ಮಾಡಿದೆ. ಒಂದರಲ್ಲಿ ಜನ, ಇನ್ನೊಂದರಲ್ಲಿ ಕೇಸು, ನಡುವೆ ಕೊಂಡಿಯಾಗಿ ಕಕ್ಷಿದಾರರ ಸಂಖ್ಯೆ. ಜನರ ಹಾಳೆಯಲ್ಲಿ ಟೆಕ್ಸ್ಟ್‌ಜಾಯಿನ್ ಸೂತ್ರ ಹಾಕಿ ಅವರ ಎಲ್ಲ ಕೇಸುಗಳನ್ನು ಒಂದೇ ಕೋಶಕ್ಕೆ ತಂದೆ. ಈ ಸೂತ್ರ ಎಕ್ಸೆಲ್ 2019ರಿಂದ ಇದೆ, ಅದಕ್ಕಿಂತ ಹಳೆಯದು ಇದ್ದವರು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ದಾರಿ ಹಿಡಿಯಬೇಕು.

ಹೆಸರನ್ನೇ ಕೊಂಡಿಯಾಗಿ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಒಂದೇ ಹೆಸರಿನವರು ಇರುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಕಾರಣ. ಕನ್ನಡದಲ್ಲಿ ಇನ್ನೊಂದು ಇದೆ. ಎರಡು ಕಡೆ ಟೈಪ್ ಮಾಡಿದ ಹೆಸರು ಕಣ್ಣಿಗೆ ಒಂದೇ ಥರ ಕಂಡರೂ ಒಂದರಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎಕ್ಸೆಲ್ ಅವನ್ನು ಬೇರೆ ಬೇರೆ ಅಂತಲೇ ಲೆಕ್ಕ ಹಾಕುತ್ತದೆ. ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಇದ್ದ ಹೆಸರುಗಳಂತೂ ಫಾಂಟ್ ಬದಲಿಸಿದ ಕೂಡಲೇ ಬರೀ ಚಿಹ್ನೆಗಳ ಸಂತೆ. ಅವನ್ನು ಪರಿವರ್ತಕದಲ್ಲಿ ಹಾಕಿ, ಮತ್ತೆ ಕಣ್ಣಿಂದ ಓದಿ ಸರಿ ಮಾಡಿದ್ದಾಯಿತು. ಬೇಜಾರಿನ ಕೆಲಸ, ಆದರೆ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಸಂಖ್ಯೆ ಹಿಡಿದು ಇನ್ನೊಂದು ಹಾಳೆಯಿಂದ ವಿವರ ತರುವ ವಿಲುಕಪ್ ಸೂತ್ರ ಬಳಸುವವರಿಗೆ ಒಂದು ಮಾತು. ಅದರ ನಾಲ್ಕನೇ ಮಾಹಿತಿಯಲ್ಲಿ ಫಾಲ್ಸ್ ಅಂತ ಕೊಡದಿದ್ದರೆ ಅದು ಹತ್ತಿರದ ಮೌಲ್ಯವನ್ನು ಹುಡುಕಿ ತರುತ್ತದೆ, ಸರಿಯಾಗಿ ಹೊಂದುವುದನ್ನಲ್ಲ. ಸಂಬಳದ ಸ್ಲ್ಯಾಬ್‌ಗೆ ಅದು ಸರಿ. ಇಲ್ಲಿ ಹತ್ತಿರದ ಮೌಲ್ಯ ಅಂದರೆ ಪಕ್ಕದ ಕಕ್ಷಿದಾರನ ಕೇಸು. ಎಕ್ಸ್‌ಲುಕಪ್ ಅನ್ನುವ ಹೊಸ ಸೂತ್ರ ಇದ್ದರೆ ಅದನ್ನೇ ಬಳಸಿ, ಬೇರೆ ಏನೂ ಹೇಳದಿದ್ದರೂ ಅದು ಸರಿಯಾಗಿ ಹೊಂದುವುದನ್ನೇ ಹುಡುಕುತ್ತದೆ. ಒಂದೇ ಕಾಲಂ ಆಯ್ದು ಸಾರ್ಟ್ ಮಾಡುವುದೂ ಇದೇ ಜಾತಿಯ ಅಪಾಯ. ಅದಕ್ಕೇ ಪಟ್ಟಿಯನ್ನು ಟೇಬಲ್ ಆಗಿ ಮಾಡಿಟ್ಟಿದ್ದೇನೆ, ಆಗ ಸಾರ್ಟ್ ಮಾಡಿದರೆ ಇಡೀ ಸಾಲು ಒಟ್ಟಿಗೇ ಹೋಗುತ್ತದೆ.

ಯಾರಿಗೆ ಕಳುಹಿಸಬಾರದು

ಈ ಭಾಗ ನನಗೆ ಅತಿ ಮುಖ್ಯ ಅನ್ನಿಸಿತು, ಯಾವ ಸಾಫ್ಟ್‌ವೇರ್ ಪಾಠದಲ್ಲೂ ಇದು ಸಿಗುವುದಿಲ್ಲ. ಗಂಡ ಹೆಂಡತಿ ಒಂದೇ ಇಮೇಲ್ ಕೊಟ್ಟಿರುತ್ತಾರೆ, ಎರಡು ವರ್ಷದ ಹಿಂದೆ ಮನೆ ಕೊಂಡಾಗ. ಈಗ ಅವರಲ್ಲಿ ಒಬ್ಬರು ವಿಚ್ಛೇದನಕ್ಕೆ ನಮ್ಮ ಹತ್ತಿರ ಬಂದಿದ್ದಾರೆ. ರಿಜಿಸ್ಟರ್‌ನಲ್ಲಿ ಇಮೇಲ್ ಮಾತ್ರ ಹಳೆಯದೇ ಇದೆ. ಪತ್ರ ಎಷ್ಟು ಚೆನ್ನಾಗಿದ್ದರೂ ಏನು ಬಂತು? ಇನ್ನು ಕೆಲವರು ಮನೆಗೆ ಪತ್ರ ಬೇಡ, ಫೋನ್ ಮಾಡಿ ಸಾಕು ಅಂತ ಬಾಯಲ್ಲಿ ಹೇಳಿ ಹೋಗಿರುತ್ತಾರೆ, ಅದು ಗುಮಾಸ್ತರ ನೆನಪಿನಲ್ಲಿ ಇರುತ್ತದೆಯೇ ಹೊರತು ಎಕ್ಸೆಲ್‌ನಲ್ಲಿ ಅಲ್ಲ. ತೀರಿಕೊಂಡವರ ಹೆಸರಿಗೆ ಪತ್ರ ಹೋದರೆ ವಾರಸುದಾರರಿಗೆ ನೋವು. ಕಕ್ಷಿದಾರ ಮೈನರ್ ಆದರೆ ಪತ್ರ ಪೋಷಕರ ಹೆಸರಿಗೆ ಹೋಗಬೇಕು.

ಹಾಗಾಗಿ ‘ಕಳುಹಿಸುವ ಬಗೆ’ ಅಂತ ಒಂದು ಕಾಲಂ ಸೇರಿಸಿದೆ. ಅದರಲ್ಲಿ ನಾಲ್ಕೇ ಆಯ್ಕೆ: ಇಮೇಲ್, ಅಂಚೆ, ಫೋನ್ ಮಾತ್ರ, ಬೇಡ. ಖಾಲಿ ಬಿಟ್ಟರೆ ‘ಬೇಡ’ ಅಂತಲೇ ಅರ್ಥ. ಇದು ಬೇಕೆಂದೇ ಮಾಡಿದ್ದು, ಮರೆತರೆ ಒಬ್ಬರಿಗೆ ಪತ್ರ ತಪ್ಪಬೇಕೇ ಹೊರತು ಹೋಗಬಾರದವರಿಗೆ ಹೋಗಬಾರದು. ಇಮೇಲ್ ಕಾಲಂ ಮೇಲೆ ಕೌಂಟಿಫ್ ಹಾಕಿ ಎರಡು ಸಲ ಬಂದ ವಿಳಾಸಕ್ಕೆಲ್ಲ ಬಣ್ಣ ಹಚ್ಚಿದೆ. ಅಪ್ಪ ಅಮ್ಮನ ಬದಲು ಮಗ ತನ್ನ ಇಮೇಲ್ ಕೊಟ್ಟಿರುವುದು ಎಷ್ಟು ಜಾಸ್ತಿ ಅಂತ ಆಗ ಗೊತ್ತಾಯಿತು. ಬಣ್ಣ ಹಚ್ಚಿದ್ದನ್ನೆಲ್ಲ ಆಯಾ ವಕೀಲರು ಒಂದೊಂದಾಗಿ ನೋಡಿದರು. ಕಂಪ್ಯೂಟರ್‌ಗೆ ಬಿಡುವ ಕೆಲಸ ಅಲ್ಲ ಇದು.

ಪತ್ರದ ಕರಡು

ಮುಂದಿನ ವಾಯಿದೆ ತಾರೀಕನ್ನೂ ಹಾಕೋಣ ಅಂತ ಒಬ್ಬರು ಹೇಳಿದರು. ನಾನು ಬೇಡ ಅಂದೆ. ಪಟ್ಟಿ ತೆಗೆದ ದಿನ ಸರಿ ಇದ್ದ ತಾರೀಕು ಪತ್ರ ತಲುಪುವ ಹೊತ್ತಿಗೆ ಬದಲಾಗಿರಬಹುದು, ಆಮೇಲೆ ಅದೇ ಕಾಗದ ಹಿಡಿದು ಅವರು ಕೋರ್ಟಿಗೆ ಹೋಗುತ್ತಾರೆ. ಬೇಗ ಹಳಸುವ ಮಾಹಿತಿ ಇಂಥ ಪತ್ರದಲ್ಲಿ ಇರಬಾರದು.

ಇಮೇಲ್‌ನ ವಿಷಯದ ಸಾಲಿನಲ್ಲಿ ‘ನಮ್ಮ ಆಫೀಸಿನ ಹೊಸ ವಿಳಾಸ’ ಅಂತ ಮಾತ್ರ. ಕೇಸಿನ ಹೆಸರು, ಬಗೆ ಏನೂ ಇಲ್ಲ, ಯಾಕೆಂದರೆ ಆ ಸಾಲು ಫೋನ್ ಲಾಕ್ ಆಗಿದ್ದರೂ ಪರದೆ ಮೇಲೆ ಕಾಣಬಹುದು.

ಸಂಬೋಧನೆ ಸುಲಭವಾಗಿ ಮುಗಿಯಿತು. ಹೆಸರಿನ ಕೊನೆ ಅಕ್ಷರ ನೋಡಿ ನಿಗೆ, ಳಿಗೆ, ಯವರಿಗೆ ಅಂತ ಹಚ್ಚುವ ಸೂತ್ರ ಬರೆಯಲು ಹೋಗಬೇಡಿ. ಹೆಸರು, ಒಂದು ಖಾಲಿ ಜಾಗ, ‘ಅವರಿಗೆ’, ಅಷ್ಟೇ. ಕಂಪನಿಗಳಿಗೆ ಮಾತ್ರ ವರ್ಡ್‌ನ ಇಫ್ ಫೀಲ್ಡ್ (ಹೀಗಿದ್ದರೆ ಹೀಗೆ ಅನ್ನುವ ಷರತ್ತು) ಹಾಕಿ ‘ಸಂಸ್ಥೆಗೆ’ ಅಂತ ಬರುವ ಹಾಗೆ ಮಾಡಿದೆ.

ವರ್ಡ್ ಕೈಕೊಟ್ಟದ್ದು ಬೇರೆ ಕಡೆ. ಎಕ್ಸೆಲ್‌ನಲ್ಲಿ ದಿನ, ತಿಂಗಳು, ವರ್ಷ ಅಂತ ಚಂದವಾಗಿ ಇದ್ದ ತಾರೀಕು ಪತ್ರದಲ್ಲಿ ತಿಂಗಳು ಮೊದಲಾಗಿ ಬಂತು. ದುಡ್ಡಿನ ಅಂಕಿಯಲ್ಲಿ ಎರಡು ದಶಾಂಶದ ಬದಲು ಉದ್ದದ ಬಾಲ. ಎಕ್ಸೆಲ್‌ನಿಂದ ವರ್ಡ್‌ಗೆ ಬರುವುದು ಬರೀ ಮೌಲ್ಯ, ನಾವು ಕೊಟ್ಟ ಅಲಂಕಾರ ಅಲ್ಲೇ ಉಳಿಯುತ್ತದೆ. ಆಲ್ಟ್ ಮತ್ತು ಎಫ್9 ಒತ್ತಿದರೆ, ಪಟ್ಟಿಯ ವಿವರ ಬಂದು ಕೂರುವ ಜಾಗದ ಫೀಲ್ಡ್ ಕೋಡ್ ಕಾಣುತ್ತದೆ, ಅಲ್ಲಿ ತಾರೀಕಿಗೆ ಒಂದು ಸ್ವಿಚ್ (ಯಾವ ರೂಪದಲ್ಲಿ ಬರಬೇಕು ಅನ್ನುವ ಸೂಚನೆ), ಅಂಕಿಗೆ ಒಂದು ಸ್ವಿಚ್ ಸೇರಿಸಬೇಕು. ಅದಕ್ಕಿಂತ ಸುಲಭ ದಾರಿ, ಎಕ್ಸೆಲ್‌ನಲ್ಲೇ ಟೆಕ್ಸ್ಟ್ ಸೂತ್ರ ಹಾಕಿ ತಾರೀಕನ್ನು ಅಕ್ಷರವಾಗಿ ಮಾಡಿ ಬೇರೆ ಕಾಲಂನಲ್ಲಿ ಇಡುವುದು. ನಾನು ಅದನ್ನೇ ಮಾಡಿದೆ.

ಇನ್ನೊಂದು ತೊಂದರೆ ತಲೆ ಕೆಡಿಸಿತು. ಕೆಲವರ ಪತ್ರದಲ್ಲಿ ದಾಖಲೆಗಳ ಪಟ್ಟಿ ನಡುವೆಯೇ ಕತ್ತರಿಸಿ ಹೋಗಿತ್ತು, ಉಳಿದವರದು ಸರಿ ಇತ್ತು. ಕಾರಣ ಹುಡುಕಿದರೆ, ಎಕ್ಸೆಲ್ ಫೈಲ್ ಓದುವ ಡ್ರೈವರ್ ಪ್ರತಿ ಕಾಲಂನ ಮೊದಲ 8 ಸಾಲು ನೋಡಿ ಅದು ಯಾವ ಬಗೆಯ ಮಾಹಿತಿ ಅಂತ ಊಹೆ ಮಾಡುತ್ತದೆ. ಮೊದಲ ಸಾಲುಗಳಲ್ಲಿ ಚಿಕ್ಕ ಪಠ್ಯ ಇದ್ದರೆ ಮುಂದೆ ಬರುವ ಉದ್ದದ್ದನ್ನು 255 ಅಕ್ಷರಕ್ಕೆ ಕಡಿದುಬಿಡುತ್ತದೆ. ಮೊದಲ ಸಾಲಿನಲ್ಲೇ ಬೇಕೆಂದೇ ತುಂಬ ಉದ್ದದ ಪಠ್ಯ ಇರುವ ಒಂದು ಡಮ್ಮಿ ಕಕ್ಷಿದಾರನನ್ನು ಇಟ್ಟೆ, ಸರಿಹೋಯಿತು. ಅವನ ‘ಕಳುಹಿಸುವ ಬಗೆ’ ಬೇಡ, ಇಮೇಲ್ ಎಕ್ಸಾಂಪಲ್ ಡಾಟ್ ಕಾಮ್‌ನದು. ಆ ಹೆಸರನ್ನು 1999ರಿಂದಲೇ ಉದಾಹರಣೆಗೆ ಅಂತ ಮೀಸಲಿಟ್ಟಿದ್ದಾರೆ, ತಪ್ಪಿ ಹೋದರೂ ಯಾರ ಕೈಗೂ ಸೇರುವುದಿಲ್ಲ.

ವರ್ಡ್ ಬಿಟ್ಟು ಪೈಥಾನ್‌ಗೆ

ಅಂಚೆ ಪತ್ರಗಳಿಗೆ ವರ್ಡ್ ಈಗಲೂ ಇದೆ, ಚೆನ್ನಾಗಿಯೇ ಇದೆ. ಇಮೇಲ್‌ಗೆ ಮಾತ್ರ ಸಾಲಲಿಲ್ಲ. ವರ್ಡ್‌ನ ಮೇಲ್ ಮರ್ಜ್ ಒಬ್ಬೊಬ್ಬರಿಗೂ ಬೇರೆ ಬೇರೆ ಇಮೇಲ್ ಕಳುಹಿಸುತ್ತದೆ ನಿಜ, ಆದರೆ ಲಗತ್ತು ಸೇರಿಸಲು ಬಿಡುವುದಿಲ್ಲ. ನಮಗೆ ದಾಖಲೆಗಳ ಪಟ್ಟಿ ಪಿಡಿಎಫ್ ಆಗಿ ಹೋಗಬೇಕಿತ್ತು. ಹಣ ಕೊಟ್ಟು ಕೊಳ್ಳುವ ಆಡ್-ಇನ್‌ಗಳಿವೆ, ಆನ್‌ಲೈನ್ ಸೇವೆಗಳೂ ಇವೆ. ಕಕ್ಷಿದಾರರ ಪಟ್ಟಿಯನ್ನು ಇನ್ನೊಬ್ಬರ ಸರ್ವರ್‌ಗೆ ಏರಿಸುವ ಮಾತು ಬಂದಾಗ ಸೀನಿಯರ್ ಮುಖ ನೋಡಿದೆ, ಪೈಥಾನ್ ತೆರೆದೆ.

ಸ್ಕ್ರಿಪ್ಟ್ ಚಿಕ್ಕದು. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ (ಕನ್ನಡ ಅಕ್ಷರ ಉಳಿಸುವ ಸರಳ ಪಠ್ಯದ ಫೈಲ್) ಆಗಿ ಉಳಿಸಿಕೊಳ್ಳುವುದು, ಬರೀ ಸಿಎಸ್‌ವಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಪತ್ರದ ಅಚ್ಚಿಗೆ ವಿವರ ತುಂಬಲು ಪೈಥಾನ್‌ನ ಜಿಂಜಾ2 ಲೈಬ್ರರಿ. ಇಲ್ಲಿ ಒಂದು ಸೆಟ್ಟಿಂಗ್ ಕಡ್ಡಾಯ ಅಂತಲೇ ಹೇಳುತ್ತೇನೆ: ಸ್ಟ್ರಿಕ್ಟ್ ಅನ್‌ಡಿಫೈನ್ಡ್. ಅದು ಇಲ್ಲದಿದ್ದರೆ ಕಾಲಂ ಹೆಸರು ಎಲ್ಲೋ ಒಂದಕ್ಷರ ಹೆಚ್ಚುಕಡಿಮೆ ಆದಾಗ ಜಿಂಜಾ ಸದ್ದಿಲ್ಲದೆ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ, ‘ಮಾನ್ಯ ಅವರಿಗೆ’ ಅಂತ ಪತ್ರ ಹೋಗುತ್ತದೆ. ಅದು ಇದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ದೂರು ಹೇಳುತ್ತದೆ. ಆದರೆ ಕಾಲಂ ಇದ್ದು ಕೋಶ ಖಾಲಿ ಇದ್ದರೆ ಇದೂ ಹಿಡಿಯುವುದಿಲ್ಲ, ಅದಕ್ಕೆ ಬೇರೆ ತಪಾಸಣೆ ಬರೆದಿದ್ದೇನೆ.

ಸ್ಕ್ರಿಪ್ಟ್ ಎರಡು ಹಂತ. ಮೊದಲ ಹಂತದಲ್ಲಿ ಎಲ್ಲ ಪತ್ರ ತಯಾರಾಗಿ ಒಂದು ಫೋಲ್ಡರ್‌ಗೆ ಬೀಳುತ್ತವೆ, ಏನೂ ಹೊರಗೆ ಹೋಗುವುದಿಲ್ಲ. ಆಮೇಲೆ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಪ್ರತಿ ಪತ್ರವನ್ನೂ ಓದಿ, ಅದರಲ್ಲಿ ಇರುವ ಫೈಲ್ ನಂಬರ್‌ಗಳೆಲ್ಲ ಅದೇ ಕಕ್ಷಿದಾರರವೇ, ಬೇರೆಯವರದು ಒಂದಾದರೂ ನುಸುಳಿದೆಯೇ ಅಂತ ಕೇಸಿನ ಹಾಳೆಯ ಜೊತೆ ತಾಳೆ ನೋಡುತ್ತದೆ. ಹೆಸರಿನಿಂದಲೇ ತಾಳೆ ನೋಡಬೇಕೆಂದಿದ್ದೆ, ಆದರೆ ಪಿಡಿಎಫ್‌ನಿಂದ ಕನ್ನಡ ಪಠ್ಯ ತೆಗೆದರೆ ಒತ್ತಕ್ಷರ, ಸ್ವರಚಿಹ್ನೆಗಳೆಲ್ಲ ಹಲವು ಸಲ ಜಾಗ ಬದಲಿಸಿಕೊಂಡು ಬರುತ್ತವೆ. ಅಂಕಿಗಳು ಹಾಗಲ್ಲ, ನೆಟ್ಟಗೆ ಬರುತ್ತವೆ. ಹೀಗಾಗಿ ಪ್ರತಿ ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಕಕ್ಷಿದಾರರ ಸಂಖ್ಯೆಯನ್ನೂ ಹಾಕಿದೆ.

ಎರಡನೇ ಹಂತ ಕಳುಹಿಸುವುದು. ಒಂದೊಂದು ಇಮೇಲ್ ಹೋದ ಕೂಡಲೇ ಲಾಗ್ ಫೈಲ್‌ಗೆ ಒಂದು ಸಾಲು ಬರೆಯುತ್ತದೆ. ನೆಟ್ ಹೋಗಿ ನಡುವೆ ನಿಂತರೆ, ಮತ್ತೆ ಶುರು ಮಾಡಿದಾಗ ಲಾಗ್‌ನಲ್ಲಿ ಇರುವವರನ್ನು ಬಿಟ್ಟು ಮುಂದಿನವರಿಂದ ಹೊರಡುತ್ತದೆ. ಉತ್ತರ ಬಂದರೆ ಆಯಾ ವಕೀಲರಿಗೇ ಹೋಗುವ ಹಾಗೆ ರಿಪ್ಲೈ-ಟು ವಿಳಾಸವೂ ಪಟ್ಟಿಯಿಂದಲೇ ಬರುತ್ತದೆ. ‘ಇದಕ್ಕೆ ಉತ್ತರಿಸಬೇಡಿ’ ಅನ್ನುವ ಥರದ ವಿಳಾಸದಿಂದ ವಕೀಲರ ಪತ್ರ ಹೋಗುವುದು ನನಗೆ ಇಷ್ಟ ಇಲ್ಲ. ಹೆಸರು ಹಿಡಿದು ಕರೆದ ಮೇಲೆ ಅವರು ಮಾತಾಡೇ ಮಾತಾಡುತ್ತಾರೆ.

ಸ್ಪ್ಯಾಮ್‌ಗೆ ಬೀಳದ ಹಾಗೆ

ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಕಳುಹಿಸಲು ಆಗುವುದಿಲ್ಲ, ಮೀರಿದರೆ ಖಾತೆ ಸ್ವಲ್ಪ ಹೊತ್ತು ಬಂದ್. ಹೇಗಿದ್ದರೂ (ವಿಳಾಸದಲ್ಲಿ @ ಆದ ಮೇಲೆ ಬರುವ) ಆಫೀಸಿನದೇ ಡೊಮೇನ್‌ನಿಂದ ಹೋಗಬೇಕು ಅಂತ ತೀರ್ಮಾನ ಆಗಿತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5000 ಇಮೇಲ್ ದಾಟುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಇಮೇಲ್ ನಿಜವಾಗಿ ಆ ಡೊಮೇನ್‌ನದೇ ಅಂತ ತೋರಿಸುವ ವ್ಯವಸ್ಥೆಗಳು) ಮೂರೂ ಬೇಕು, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಾವು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ, ಆದರೂ ಮೂರನ್ನೂ ಹಾಕಿಸಿದೆ. ಡೊಮೇನ್ ಸೆಟ್ಟಿಂಗ್‌ನಲ್ಲಿ ಮೂರು ದಾಖಲೆ ಸೇರಿಸುವ ಕೆಲಸ, ಅಷ್ಟೇ. ವಕೀಲರ ಹೆಸರಿನಲ್ಲಿ ಬೇರೆಯವರು ಸುಳ್ಳು ಇಮೇಲ್ ಕಳುಹಿಸುವುದನ್ನೂ ಇದು ಕಷ್ಟ ಮಾಡುತ್ತದೆ, ನನಗೆ ಅದೇ ದೊಡ್ಡ ಲಾಭ ಅನ್ನಿಸಿದ್ದು.

ಓದಿದರೋ ಇಲ್ಲವೋ ನೋಡುವ ಟ್ರ್ಯಾಕಿಂಗ್ ಚಿತ್ರ ಹಾಕಿಲ್ಲ. ಕಕ್ಷಿದಾರ ಯಾವಾಗ ಎಲ್ಲಿ ಕೂತು ಪತ್ರ ತೆರೆದ ಅನ್ನುವುದು ನಮಗೆ ಯಾಕೆ ಬೇಕು?

ಈಗ ಎಲ್ಲಿದ್ದೇವೆ

ಮೊದಲು ಆಫೀಸಿನವರಿಗೇ ಕಳುಹಿಸಿದೆವು, ನಕಲಿ ಕೇಸುಗಳ ಜೊತೆ. ಆಮೇಲೆ ಒಬ್ಬ ವಕೀಲರ ಕಕ್ಷಿದಾರರಿಗೆ. ಈಗ ಇಮೇಲ್ ಇರುವವರಿಗೆಲ್ಲ ಹೋಗಿದೆ. ಎರಡು ಥರದ ಉತ್ತರ ಬರುತ್ತಿದೆ. ‘ತಿಳಿಯಿತು, ಧನ್ಯವಾದ’ ಒಂದು. ಇನ್ನೊಂದು, ‘ನನ್ನ ಕೇಸು ಏನಾಯ್ತು ಸಾರ್?’ ಎರಡನೆಯದೇ ಜಾಸ್ತಿ, ಜೂನಿಯರ್‌ಗಳು ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಾರೆ.

ತಲುಪದೆ ವಾಪಸ್ ಬಂದವನ್ನು ಬೇರ್ಪಡಿಸುತ್ತಿದ್ದೇನೆ. ಅವುಗಳ ಜೊತೆ ಬರುವ ದೋಷದ ಕೋಡ್ 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, ಮತ್ತೆ ಪ್ರಯತ್ನಿಸಬಹುದು. 550 ಥರದ 5ರ ಕೋಡ್ ಬಂದವನ್ನು ಒಂದೊಂದಾಗಿ ಓದುತ್ತೇನೆ, ಹೆಚ್ಚಿನವು ಈಗ ಇಲ್ಲದ ವಿಳಾಸಗಳು. ಅಂಥವರನ್ನು ನೇರ ಅಂಚೆ ಪಟ್ಟಿಗೆ ದಾಟಿಸುವುದಿಲ್ಲ, ಮೊದಲು ‘ಕಳುಹಿಸುವ ಬಗೆ’ಯನ್ನು ಮತ್ತೆ ಕೇಳಿಕೊಳ್ಳಬೇಕು. ಅಂಚೆ ಪತ್ರಗಳ ಮುದ್ರಣ ಇನ್ನೂ ಬಾಕಿ. ವರ್ಡ್‌ನಲ್ಲಿ ಮರ್ಜ್ ಆದ ಮೇಲೆ ಪ್ರತಿ ಪತ್ರ ಒಂದು ಸೆಕ್ಷನ್ (ಫೈಲಿನ ಬೇರೆ ಭಾಗ) ಆಗುವುದರಿಂದ, ಪ್ರಿಂಟ್‌ನಲ್ಲಿ ಪುಟದ ಸಂಖ್ಯೆಯ ಜಾಗದಲ್ಲಿ ಎಸ್ ಅಕ್ಷರದ ಜೊತೆ ಸೆಕ್ಷನ್ ಸಂಖ್ಯೆ ಕೊಟ್ಟರೆ ಹಾಳಾದ ಒಂದು ಪತ್ರವನ್ನಷ್ಟೇ ಮತ್ತೆ ತೆಗೆಯಬಹುದು. ಲಕೋಟೆಗೆ ವಿಳಾಸ ಕಾಣುವ ಕಿಟಕಿ ಇರುವುದನ್ನೇ ತರಿಸಿದ್ದೇವೆ. ಪತ್ರ ಒಂದು, ಲಕೋಟೆ ಮೇಲಿನ ಹೆಸರು ಇನ್ನೊಂದು ಆಗುವ ಪ್ರಶ್ನೆಯೇ ಇರುವುದಿಲ್ಲ. ಆದರೆ ಕಾಗದ ಮಡಿಸಿದಾಗ ಕಿಟಕಿಯಲ್ಲಿ ವಿಳಾಸದ ಕೆಳಗಿನ ಕೇಸಿನ ಸಾಲು ಇಣುಕುತ್ತಿದೆ, ಆ ಸಾಲನ್ನು ಕೆಳಗಿಳಿಸಿ ಮತ್ತೊಂದು ಸಲ ಪ್ರಿಂಟ್ ತೆಗೆದು ನೋಡಬೇಕು. ‘ಫೋನ್ ಮಾತ್ರ’ ಪಟ್ಟಿಯನ್ನು ಗುಮಾಸ್ತರಿಗೆ ಕೊಟ್ಟಾಗಿದೆ.